ಮಣೂಕಿಗೆ ಆಪರೇಶನ್ ಮಾಡಸೂದೋ ಬ್ಯಾಡೋ

ಮೂರ್ನಾಕ ತಿಂಗಳಾತು, ಯಾರ ಫೋನ್ ಮಾಡಿದ್ರೂ ಮೊದಲ ಕೇಳೂದು ನನ್ನ ಮೊಣಕಾಲ ನೋವಲ್ಲ, ಮಣೂಕಿ ಸುದ್ದಿ. "ಫಿಟ್ಸ್ ಬರೂ ಬೆಕ್ಕಿಗೆ ಮರಿ ಆಗದಂಗ ಆಪರೇಶನ್ ಮಾಡಸ್ತೀರಂತಲ್ಲ, ಖರೇನೇನ್ರಿ? ಸತ್ತಗಿತ್ತ ಹೋದ್ರ?" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ನನ್ನ ಗಂಟಲ ಬಿತ್ತು. ಅದಕ್ಕ ಎಲ್ಲಾರಿಗೂ ಕೂಡಿಸಿ ಇಲ್ಲೇ ಬರದ ಬಿಡ್ತೀನಿ. ಸ್ವಲ್ಪ ಉದ್ದ ಆಗತೈತಿ, ಮಧ್ಯಾಹ್ನ ಭಾಂಡಿ ತೊಳದ ಮ್ಯಾಲೆ ಕುಂತ ಓದ್ರಿ.

ಗೊತ್ತಿಲ್ದವ್ರಿಗೆ ಹೇಳ್ತೀನಿ, ಮಣೂಕಿ ಅಂದ್ರ ನಮ್ಮನಿ ಬೆಕ್ಕು. ತಿಕೋಟಾದಾಗ ನಮ್ಮ ನಾದಿನಿಯವ್ರ ದ್ರಾಕ್ಷಿ ತ್ವಾಟ ಐತಲ್ಲ, ಅಲ್ಲಿ ಮಣೂಕ ಒಣಗಸೂ ಶೆಡ್ಡಿನಾಗ ಹುಟ್ಟಿದ ಮರಿ. ಹೋದ ವರ್ಷ ಮಾರ್ಚದಾಗ ದ್ರಾಕ್ಷಿ ಕೊಯ್ದು ಜಾಳಗಿ ಮ್ಯಾಲೆ ಹರವೂ ಹಂಗಾಮದಾಗ ನಾವು ಹೋಗಿದ್ವಿ. ಎರಡ ತಿಂಗಳ ಕೂಸು, ಖಾಲಿ ಬಾಕ್ಸಿನಾಗ ಮಕ್ಕೊಂಡಿತ್ತು. ಬಣ್ಣಾನೂ ಥೇಟ್ ಮಣೂಕದ್ದ, ಹಳದಿ ಕಂದು. "ವೈನಿ, ಇಲ್ಲಿ ಇಲಿ ಹಿಡ್ಯಾಕ ಇದರವ್ವ ಅದಾಳ, ಇದನ್ನ ನೀವ ಒಯ್ರಿ" ಅಂದ್ಲು ನಾದಿನಿ. ನಮ್ಮದು ಊರೊಳಗಿನ ಹಳೇ ಮನಿ, ಜ್ವಾಳದ ಚೀಲ ಇರ್ತಾವ, ಇಲಿ ಕಾಟ ಭಾಳ. ತಗೊಂಡ ಬಂದ್ವಿ. ಇಲಿ ಹಿಡದದ್ದು ಅಷ್ಟಕ್ಕಷ್ಟ, ನಮ್ಮನಿಯವ್ರ ತ್ವಾಡಿ ಮ್ಯಾಲೆ ಮಕ್ಕೊಳ್ಳೂದ ಜಾಸ್ತಿ.

ಆಗಸ್ಟದಾಗ ಮೊದಲನೇ ಸಲ ಬೆದಿಗೆ ಬಂದ್ಲು. ಆಕಳ, ಎಮ್ಮಿ ಬೆದಿಗೆ ಬಂದದ್ದು ಬಬಲೇಶ್ವರದ ನಮ್ಮ ತವರಮನ್ಯಾಗ ಸಣ್ಣಾಕಿ ಇದ್ದಾಗಿಂದ ನೋಡೀನಿ, ಆದ್ರ ಬೆಕ್ಕಿನ ಗದ್ಲ ಅದರ ಹತ್ತ ಪಟ್ಟು. ಹಗಲಿಲ್ಲ ರಾತ್ರಿ ಇಲ್ಲ, ಸಣ್ಣ ಕೂಸ ಅತ್ತಂಗ ಒಂದ ಸವನ ಒದರೂದು, ನೆಲಕ್ಕ ಹೊಳ್ಳಾಡೂದು. ವಾರ ತನಕ ಅದ ನಡೀತು. ಆಮ್ಯಾಲೆ ಹತ್ತ ಹದಿನೈದ ದಿನ ಸುಮ್ಮ, ಮತ್ತ ಸುರು. ಮಾಳಿಗಿ ಮ್ಯಾಲೆ ಕಿವಿ ಹರಕ ಗಂಡಬೆಕ್ಕೊಂದು ಬಂದ ಕುಂಡ್ರಾಕ ಹತ್ತಿತು. ಬೆಳಕಿಂಡಿಗೆ ಜಾಳಗಿ ಬಡದ್ವಿ, ಹಿತ್ತಲ ಬಾಗಲಾ ಹಾಕ್ಕೊಂಡ ಅಡಗಿ ಮಾಡಿದ್ವಿ.

ಸೆಪ್ಟೆಂಬರದಾಗ ಒಂದಿನ ಮುಂಜಾನಿ ನಾ ರೊಟ್ಟಿ ಬಡ್ಯಾಕತ್ತಿದ್ದೆ. ಪಡಸಾಲ್ಯಾಗ ದಪ್ ಅಂತ ಸಪ್ಪಳಾತು. ನೋಡ್ತೀನಿ, ಮಣೂಕಿ ಒಂದ ಮಗ್ಗಲಕ್ಕ ಬಿದ್ದಾಳ, ನಾಕೂ ಕಾಲು ಸೈಕಲ್ ತುಳದಂಗ ಹೊಡ್ಯಾಕತ್ತಾಳ, ಬಾಯಾಗ ನೊರಿ, ಉಚ್ಚಿ ಹೋಗೇತಿ, ಕಣ್ಣ ತೆರದಾವ ಖರೆ ಆದ್ರ ನೋಡಾಕತ್ತಿಲ್ಲ. ನಿಮಿಷ ಅಂದ್ರ ಎಷ್ಟ ಉದ್ದ ಇರ್ತೈತಿ ಅನ್ನೂದು ಅವತ್ತ ಗೊತ್ತಾತು. ನಿಂತ ಮ್ಯಾಲೆ ಎದ್ದು ಕುಡದವ್ರಂಗ ತೂರಾಡಿ, ಗ್ವಾಡಿಗೆ ಹಾಯ್ದು, ಗುರುತ ಇಲ್ದಂಗ ನನ್ನ ನೋಡಿ, ಅರ್ಧ ತಾಸ ಬಿಟ್ಟು ಒಂದ ಬಟ್ಟಲ ಹಾಲು ಗಟಗಟ ಕುಡದ್ಲು.

ನಮ್ಮ ಕಡೆ ದನದ ದವಾಖಾನಿ ಅಂದ್ರ ಎಮ್ಮಿ, ಎತ್ತು, ಆಡಿಂದು. ಈಗ 1962ಕ್ಕ ಫೋನ್ ಮಾಡಿದ್ರ ಗಾಡಿನೂ ಬರ್ತೈತಿ ಅಂತಾರ, ಬಬಲೇಶ್ವರದಾಗ ನಮ್ಮವ್ವನ ಎಮ್ಮಿಗೆ ಒಮ್ಮಿ ಬಂದಿತ್ತು. ಬೆಕ್ಕ ನೋಡೂವ್ರನ್ನ ಹುಡಕೂದ ಒಂದ ಕೆಲಸ ಆತು. ಕಡೀಕ ಊರಾಗ ನಾಯಿ ಬೆಕ್ಕ ನೋಡೂ ಡಾಕ್ಟರ್ ಬಾಯಾರ ಕಡೆ ಹೋದ್ವಿ. ಅವ್ರು ಬೆಕ್ಕ ಮುಟ್ಟೂದಕ್ಕಿಂತ ಮೊದಲ ನನ್ನ ಕುಂಡ್ರಿಸಿ ಪೊಲೀಸರಂಗ ಪ್ರಶ್ನಿ ಕೇಳಿದ್ರು. ದ್ರಾಕ್ಷಿ ತ್ವಾಟಕ್ಕ ಈಗ ಹೋಗಿತ್ತೇನು, ಔಷಧ ಹೊಡದ ಜಾಗಾದಾಗ ತಿರಗೇತೇನು, ಇಲಿ ಪಾಷಾಣ ಇಟ್ಟೀರೇನು, ಮಾಳಿಗಿ ಮ್ಯಾಲಿಂದ ಬಿದ್ದಿತ್ತೇನು, ಮನ್ಯಾಗ ನಾಯಿ ಐತೇನು, ನಾಯಿಗೆ ಉಣ್ಣಿ ಔಷಧ ಹಾಕೀರೇನು. ನಾಯಿಗೂ ಇದಕ್ಕೂ ಏನ ಸಂಬಂಧ ಅಂತ ನಾ ಕೇಳಿದೆ. ಇದನ್ನ ನೀವೆಲ್ಲಾರೂ ಚಂದಂಗ ಓದ್ರಿ, ಯಾಕಂದ್ರ ನಮ್ಮ ಓಣ್ಯಾಗ ನಾಯಿ ಬೆಕ್ಕ ಎರಡೂ ಸಾಕಿದವ್ರ ಅದೀರಿ: ನಾಯಿ ಬೆನ್ನಿಗೆ ಹನಿ ಹಾಕೂ ಕೆಲವು ಉಣ್ಣಿ ಔಷಧದಾಗ ಪರ್ಮೆಥ್ರಿನ್ ಅನ್ನೂದು ಇರ್ತೈತಿ. ನಾಯಿ ತಡಕೋತೈತಿ, ಬೆಕ್ಕಿನ ಪಿತ್ತಜನಕಾಂಗಕ್ಕ ಅದನ್ನ ಅರಗಿಸಿ ಹೊರಗ ಹಾಕೂ ತಾಕತ್ತಿಲ್ಲ. ಬೆಕ್ಕಿಗೆ ಹಾಕಿದ್ರ ನಡುಕ, ಫಿಟ್ಸ್ ಬಂದ ಸಾಯ್ತಾವ. ದನಕ್ಕ ಉಣ್ಣಿಗೆ ಹಚ್ಚೂ ಔಷಧದಾಗೂ ಇದರ ಜಾತಿದ್ದ ಇರ್ತಾವ. "ಉಳದದ್ದು ಸ್ವಲ್ಪ ಐತಿ, ಬೆಕ್ಕಿಗೂ ಹಾಕೂಣು" ಅನ್ನೂ ಚಟಾ ನಮ್ಮ ಹೆಣ್ಮಕ್ಕಳಿಗೆ ಐತಿ, ಮಾಡಬ್ಯಾಡ್ರಿ.

ನಮ್ಮನ್ಯಾಗ ನಾಯಿನೂ ಇಲ್ಲ, ಪಾಷಾಣಾನೂ ಇಲ್ಲ. ರಕ್ತ ತಗದ್ರು. ಸಕ್ಕರಿ, ಕ್ಯಾಲ್ಸಿಯಂ, ಲಿವರ್, ಕಿಡ್ನಿ ಎಲ್ಲಾ ಸರಿ ಇತ್ತು. ಒಂದ ಸಲ ಬಂದದ್ದಕ್ಕ ಗುಳಿಗಿ ಕೊಡಾಂಗಿಲ್ಲ, ಮತ್ತ ಬಂದ್ರ ಫೋನಿನಾಗ ವಿಡಿಯೋ ಮಾಡ್ರಿ, ಎಷ್ಟ ಹೊತ್ತ ಇತ್ತು ಅಂತ ಗಡಿಯಾರ ನೋಡ್ರಿ, ದಿನಾಂಕ ಬರದಿಡ್ರಿ ಅಂದ್ರು. ಬಂದಾಗ ಹಿಡ್ಕೊಳ್ಳಾಕ ಹೋಗಬಾರದು, ಬಾಯಾಗ ಬಳ್ಳ ಹಾಕಬಾರದು, ನೀರ ಬಿಡಬಾರದು. ಪಾವಟಿಗಿ, ಒಲಿ ಕಡೆಯಿಂದ ಕೌದಿಯೊಳಗ ಸರಿಸಿ, ದೀಪ ಆರಿಸಿ ಸುಮ್ಮ ಇರಬೇಕಂತ. ಐದ ನಿಮಿಷಕ್ಕಿಂತ ಹೆಚ್ಚ ಆದ್ರ, ಇಲ್ಲಾ ಒಂದ ದಿನದಾಗ ಮ್ಯಾಲಿಂದ ಮ್ಯಾಲೆ ಬಂದ್ರ, ಆಗ ಮಾತ್ರ ರಾತ್ರಿ ಹನ್ನೆರಡ ಆಗಿದ್ರೂ ಓಡಿ ಬರ್ರಿ ಅಂದ್ರು.

ದಿನಾಂಕ ಬರ್ಯಾಕ ಬ್ಯಾರೆ ವಹಿ ಎಲ್ಲಿಂದ ತರ್ಲಿ. ಅಡಗಿಮನ್ಯಾಗ ಹಾಲಿನ ಲೆಕ್ಕಾ, ಗ್ಯಾಸ ಹಚ್ಚಿದ ದಿನ ಬರಿಯೂ ಕ್ಯಾಲೆಂಡರ್ ಇತ್ತಲ್ಲ, ಅದರಾಗ ಫಿಟ್ಸಿಗೆ ಕೆಂಪ ಪೆನ್ನಿಲೆ ಚುಕ್ಕಿ ಇಟ್ಟೆ. ಅಕ್ಟೋಬರದಾಗ ಎರಡ ಚುಕ್ಕಿ ಬಿದ್ವು. ನವೆಂಬರದಾಗ ಮೂರು, ಅದರಾಗ ಎರಡು ಒಂದ ದಿನ. ಅವತ್ತ ಓಡಿದ್ವಿ, ಅವತ್ತಿಂದ ಗುಳಿಗಿ ಸುರು ಆತು. ಫಿನೋಬಾರ್ಬಿಟಾಲ್, ನಮ್ಮ ಕಡೆ ಗಾರ್ಡಿನಾಲ್ ಅಂತಾರಲ್ಲ, ಮನಶ್ಯಾರದ್ದ. 30 ಮಿಲಿಗ್ರಾಂ ಗುಳಿಗಿ ಕಾಲ ಭಾಗ, ಮುಂಜಾನಿ ಒಂದು, ಸಂಜಿಗೆ ಒಂದು, ಬರೋಬ್ಬರಿ ಹನ್ನೆರಡ ತಾಸಿಗೆ. ಇದು ಮಣೂಕಿ ತೂಕಕ್ಕ ಬರದ ಲೆಕ್ಕಾ, ನೀವ್ಯಾರೂ ಇದನ್ನ ನೋಡಿ ಕೊಡಾಕ ಹೋಗಬ್ಯಾಡ್ರಿ. ಔಷಧ ಅಂಗಡಿಯಾವ ಚೀಟಿ ತಿರುವಿ ಮುರುವಿ ನೋಡಿ "ಪೇಶಂಟ್ ಹೆಸರ?" ಅಂದ. ಮಣೂಕಿ ಅಂದೆ. "ವಯಸ್ಸು?" ಇನ್ನೂ ವರ್ಷ ತುಂಬಿಲ್ಲ ಅಂದೆ. "ಅಯ್ಯ, ಪಾಪ, ಮೊಮ್ಮಗಳೇನ್ರಿ?" ಅಂದ. ಹೌದಂತ ಹೇಳಿ ಬಂದೆ.

ಆ ಗುಳಿಗಿ ಚೀಟಿ ಕೈಯಾಗ ಹಿಡ್ಕೊಂಡಾಗ ನನಗ ನೆನಪಾದಾಕಿ ನಮ್ಮ ಅತ್ತಿ. ಅಪ್ಪನ ತಂಗಿ. ಬಬಲೇಶ್ವರದ ನಮ್ಮ ಮನ್ಯಾಗ ಕಪಾಟಿನಾಗ ಇದ ಗುಳಿಗಿ ಡಬ್ಬಿ ಇರ್ತಿತ್ತು. ಅಕಿ ಕತಿ ನಿಮ್ಮೊಳಗ ಕೆಲವರಿಗೆ ಗೊತ್ತೈತಿ, ಯಾರೂ ಬಾಯಿಬಿಟ್ಟ ಮಾತಾಡಾಂಗಿಲ್ಲ. ಸಣ್ಣಾಕಿ ಇದ್ದಾಗ ಅಕಿಗೆ ಏನೂ ಇರಲಿಲ್ಲಂತ. ದೊಡ್ಡಾಕಿ ಆದ ವರ್ಷ ಸುರು ಆತು. ಉಳ್ಳಾಗಡ್ಡಿ ಮೂಗಿಗೆ ಹಿಡದ್ರು, ಕೈಯಾಗ ಕಬ್ಬಿಣದ ಕೀಲಿ ಕೊಟ್ರು, ಗಾಳಿ ಅಂತ ತಾಯತ ಕಟ್ಟಿಸಿದ್ರು. ಕಡೀಕ ತಿಳದವ್ರು ಅನ್ನಿಸ್ಕೊಂಡವ್ರೆಲ್ಲಾ ಹೇಳಿದ್ದು ಒಂದ ಮಾತು: ಮದುವಿ ಮಾಡ್ರಿ, ಹೋಗತಾವ. ಮುಚ್ಚಿಟ್ಟು ಮದುವಿ ಮಾಡಿದ್ರು. ಹೋಗಲಿಲ್ಲ. ಆವಾಗ ಅಂದ್ರು, ಒಂದ ಹಡೀಲಿ, ಹೋಗತಾವ. ಒಂದ ಹಡದ್ಲು. ಎರಡನೇದು ಹೊಟ್ಯಾಗಿದ್ದಾಗ ಒಲಿ ಮುಂದ ಫಿಟ್ಸ್ ಬಂದು ಎಡಗೈ ಒಲಿಯಾಗ ಹೋತು. ಕೂಸೂ ಉಳೀಲಿಲ್ಲ. ಗಂಡನ ಮನಿಯವ್ರು ತಂದ ಬಿಟ್ಟು ಹೋದ್ರು, ಇದ್ದ ಒಂದ ಮಗನ್ನ ಕೊಡಲಿಲ್ಲ. ನಾ ನೋಡಿದ್ದು ಆಮ್ಯಾಲಿನ ಅತ್ತಿನ್ನ. ಬೆಳ್ಳ ಕೂಡಿಕೊಂಡ ಎಡಗೈಯಿಲೆ ಶೇಂಗಾ ಸುಲೀಕೋತ ಕುಂಡ್ರತಿದ್ಲು, ಒಲಿ ಮುಂದ ಅಕಿನ್ನ ಯಾರೂ ಬಿಡತಿದ್ದಿಲ್ಲ.

ಅಕಿ ನಮ್ಮವ್ವನ ಮುಂದ ಒಂದ ಮಾತ ಹೇಳತಿದ್ಲಂತ: "ವೈನಿ, ಹೊರಗ ಕುಂಡ್ರೂ ದಿನ ಹತ್ರ ಬಂದಾಗನ ನನಗ ಜಾಸ್ತಿ ಬರ್ತಾವ." ಮೂವತ್ತ ವರ್ಷ ಅದನ್ನ ಒಬ್ಬ ಡಾಕ್ಟರಿಗೂ ಯಾರೂ ಹೇಳಲಿಲ್ಲ. ದವಾಖಾನಿಗೆ ಕರಕೊಂಡ ಹೋಗಾವ್ರು ಗಂಡಸರು, ಮುಟ್ಟಿನ ಸುದ್ದಿ ಅವರ ಮುಂದ ಹೆಂಗ ಹೇಳೂದು? ಹೆಣ್ಮಕ್ಕಳಾಗ ಕೆಲವರಿಗೆ ಮುಟ್ಟಿನ ಹೊತ್ತಿಗೆ ಫಿಟ್ಸ್ ಹೆಚ್ಚಾಗೂದು ಡಾಕ್ಟರರಿಗೆ ಗೊತ್ತಿರೂ ವಿಷಯ, ಅದಕ್ಕ ಬ್ಯಾರೆ ಹೆಸರ ಐತಿ ಅಂತ ನನಗ ಈಗ ತಿಳೀತು. ನಮ್ಮ ಅಳಿಯ ಇನ್ನೊಂದ ಹೇಳಿದ. ಹಿಂದೂ ಮದುವಿ ಕಾಯ್ದೆಯೊಳಗ ಮೂರ್ಚಿ ರೋಗ ಇದ್ದವ್ರ ಮದುವಿ ರದ್ದ ಮಾಡಾಕ ಬರೂ ಹಂಗ ಒಂದ ಶಬ್ದ ಇತ್ತಂತ, 1999ರಾಗ ತಗದ ಹಾಕಿದ್ರಂತ. ಅತ್ತಿ ತವರಿಗೆ ಬಂದ ಎಷ್ಟ ವರ್ಷದ ಮ್ಯಾಲಿನ ಮಾತು ಅದು.

ಈಗ ಕ್ಯಾಲೆಂಡರಿಗೆ ಬರ್ತೀನಿ. ಬೆದಿಗೆ ಬಂದ ದಿನಾ ಗಂಡಬೆಕ್ಕಿನ ಸಲುವಾಗಿ ಕಿಂಡಿ ಹಾಕಬೇಕಂತ ನಾ ಪೆನ್ಸಿಲ್‌ಲೆ ಗುಂಡ ಹಾಕಿ ಇಟ್ಟಿದ್ದೆ. ಡಿಸೆಂಬರ ಕಡೀಕ ಹಾಲಿನಾವನ ಲೆಕ್ಕಾ ಮಾಡಾಕ ಹಾಳಿ ತಿರುವಾಕತ್ತಿದ್ದೆ, ಕಣ್ಣಿಗೆ ಬಿತ್ತು. ಡಿಸೆಂಬರದ್ದೂ ಕೂಡಿ ಏಳ ಕೆಂಪ ಚುಕ್ಕಿ. ಆರು ಪೆನ್ಸಿಲ್ ಗುಂಡದ ಒಳಗ, ಇಲ್ಲಾ ಅದಕ್ಕ ಹತ್ತಿ ಅದಾವ. ಒಂದ ಮಾತ್ರ ಹೊರಗ. ಕ್ಯಾಲೆಂಡರ್ ಸುತ್ತಿ ಚೀಲದಾಗ ಹಾಕ್ಕೊಂಡ ಡಾಕ್ಟರ್ ಬಾಯಾರ ಕಡೆ ಹೋಗಿ ಟೇಬಲ್ ಮ್ಯಾಲೆ ಹರವಿದೆ. ಹಾಲು, ಗ್ಯಾಸು, ಹುಣ್ಣಿವಿ, ಅಮಾಸಿ ಎಲ್ಲಾದರ ನಡುವ ಅವರು ಚುಕ್ಕಿ ಎಣಿಸಿ, "ಏಳ ಸಲದ ಮ್ಯಾಲೆ ಖಾತ್ರಿ ಹೇಳಾಕ ಬರಾಂಗಿಲ್ಲ ಅಕ್ಕಾರ, ಆದ್ರ ಬೆದಿ ಹೊತ್ತಿನಾಗ ಏರೂ ಹಾರ್ಮೋನು ಮಿದುಳನ್ನ ಕೆರಳಸ್ತೈತಿ. ಫಿಟ್ಸ್ ಇರೂ ಹೆಣ್ಣ ಬೆಕ್ಕಿಗೆ ಆಪರೇಶನ್ ಮಾಡಸೂದು ಚಲೋ ಅಂತ ನಾನ ಹೇಳಬೇಕಂತ ಇದ್ದೆ" ಅಂದ್ರು. ನಮ್ಮ ಕಡೆ ಚಳಿಗಾಲದಾಗೂ ಹಗಲು ಭಾಳ ಸಣ್ಣ ಆಗಾಂಗಿಲ್ಲ, ಅದಕ್ಕ ತಂಪ ದೇಶದ ಬೆಕ್ಕಿಗೆ ಸಿಗೂ ಮೂರ್ನಾಕ ತಿಂಗಳ ಬಿಡುವು ನಮ್ಮ ಬೆಕ್ಕಿಗೆ ಸಿಗಾಂಗಿಲ್ಲಂತ. ಗಂಡಬೆಕ್ಕ ಕೂಡಲಿಲ್ಲಂದ್ರ ಎರಡ ಮೂರ ವಾರಕ್ಕೊಮ್ಮಿ ಇದ ಗಾಣ.

ಇಲ್ಲಿಂದ ಮನ್ಯಾಗ ಕೋರ್ಟ ಸುರು ಆತು.

ನಮ್ಮನಿಯವ್ರಿಗೆ ಅಂಜಿಕಿ. "ಎಚ್ಚರ ತಪ್ಪಸೂ ಸೂಜಿ ಕೊಟ್ಟಾಗನ ಫಿಟ್ಸ್ ಬಂದು ಅಲ್ಲೇ ಹೋದ್ರ? ಈಗ ಹೆಂಗೋ ತಿಂಗಳಿಗೊಮ್ಮಿ ಬಂದ ಹೋಗತೈತಿ, ಇರಲಿ ಬಿಡು." ಅವರ ಮಾತ ಹಗರ ಅಲ್ಲ. ನಾವು ವಿಚಾರಿಸಿದ ಇನ್ನೊಬ್ಬ ಡಾಕ್ಟರೂ "ಫಿಟ್ಸ್ ಇದ್ದ ಬೆಕ್ಕಿಗೆ ಅರವಳಿಕಿ ಕೊಡೂದು ಬ್ಯಾಡ" ಅಂದ ಬಿಟ್ಟಿದ್ರು. ಪುಣೆಯಿಂದ ಮಗಳು "ಅವ್ವಾ, ನಾಳೇನ ಮಾಡಸು" ಅಂತಾಳ, ಅಕಿಗೇನ, ಅಲ್ಲಿ ಕುಂತ ಹೇಳೂದು. ಎದರಮನಿ ವೈನ್ಯಾರು "ಹೆಣ್ಣ ಜೀವದ ಚೀಲಾ ತಗಸೂದು ಪಾಪ ಅಲ್ಲೇನ್ರಿ" ಅಂದ್ರು. ಅವರಿಗೆ ನಾ ಹೇಳಿದ್ದು ಇಷ್ಟ: ಬೆಕ್ಕು ಒಂಬತ್ತ ವಾರಕ್ಕ ಈಯ್ತೈತಿ, ಒಮ್ಮಿಗೆ ನಾಕೈದು, ವರ್ಷದಾಗ ಎರಡ ಮೂರ ಸಲ. ಹೋದ ಮಳಿಗಾಲದಾಗ ನಮ್ಮ ಓಣಿ ಗಟಾರದಾಗ ತೇಲಿದ ಮರಿಗೋಳನ್ನ ನೀವೂ ನೋಡೀರಿ, ನಾನೂ ನೋಡೀನಿ. ಅದರ ಪಾಪ ಯಾರ ಲೆಕ್ಕದಾಗ ಬರಿಯೂದು? ವೈನ್ಯಾರು ಸುಮ್ಮಾದ್ರು, ಸಂಜಿಗೆ ಒಂದ ಬಟ್ಟಲ ಬದನಿಕಾಯಿ ಎಣ್ಣಿಗಾಯಿ ಕಳಿಸಿದ್ರು. ಅವರ ಸ್ವಭಾವನ ಹಂಗ.

ತಿಕೋಟಾದಿಂದ ನಾದಿನಿ ಫೋನ್ ಮಾಡಿ ಅಂದ್ಲು, "ವೈನಿ, ಒಮ್ಮಿ ಮರಿ ಹಾಕಲಿ ಬಿಡ್ರಿ. ಒಂದ ಬಾಣಂತನ ಆದ್ರ ತಾನ ಆರಾಮ ಆಗತಾಳ."

ನಾ ಫೋನ್ ಕೆಳಗಿಟ್ಟ ಮ್ಯಾಲೆ ಭಾಳ ಹೊತ್ತ ಸುಮ್ಮ ಕುಂತೆ. ನಾದಿನಿ ಕೆಟ್ಟ ಮನಸಿನಾಕಿ ಅಲ್ಲ, ಪ್ರೀತಿಲೆ ಅಂದದ್ದು. ಅತ್ತಿಗೆ ಹೇಳಿದವ್ರೂ ಪ್ರೀತಿಲೆನ ಹೇಳಿದ್ರು.

ಬಬಲೇಶ್ವರಕ್ಕ ಹೋದೆ, ಅವ್ವಗ ಈ ಮಾತ ಹೇಳಿದೆ. ಅವ್ವಗ ಈಗ ಕಣ್ಣ ಮಂದ, ಕಿವಿ ಚುರುಕು. ಕೇಳಿ ಕೇಳಿ ಅಂದ್ಲು, "ಹಡದ್ರ ಹೋಗತಾವ ಅನ್ನೂ ಮಾತ ನನ್ನ ಮುಂದ ಮತ್ತ ಅನಬ್ಯಾಡ ಯವ್ವಾ. ಗೌರಿ ಹುಣ್ಣಿವಿಗೆ ಆರತಿ ಬೆಳಗಾಕೂ ಅಕಿನ್ನ ಬಿಡಲಿಲ್ಲ ನಾವು. ಆ ಬೆಕ್ಕಿಗೆ ಡಾಕ್ಟರ್ ಏನಂತಾರ, ಅದನ್ನ ಕೇಳು."

ಡಾಕ್ಟರರಿಗೆ ಕೇಳೂದನ್ನ ಗ್ಯಾಸಿನ ಬಿಲ್ಲಿನ ಹಿಂದ ಬರಕೊಂಡ ಹೋದೆ. ಮನಸಿನಾಗ ಇಟ್ಕೊಂಡ ಹೋದ್ರ ಅಲ್ಲಿ ಹೋಗೂದ್ರಾಗ ಅರ್ಧಾ ಮರೀತೈತಿ, ನಿಮಗೂ ಗೊತ್ತೈತಿ. ಮೊದಲ ನಾದಿನಿ ಮಾತನ್ನ ಕೇಳಿದೆ. ಡಾಕ್ಟರ್ ಬಾಯಾರು ಹೇಳಿದ್ದು ಹಿಂಗ: ಮರಿ ಹಾಕಿದ್ರ ಫಿಟ್ಸ್ ಹೋಗಾಂಗಿಲ್ಲ. ತಿರುಗಿ, ಬಸುರಿ ಇದ್ದಾಗ ಗುಳಿಗಿ ಬಿಡಸಾಕ ಬರಾಂಗಿಲ್ಲ, ಒಮ್ಮಿಗೆ ಬಿಡಿಸಿದ್ರ ಇನ್ನೂ ಜೋರ ಬರ್ತಾವ, ಕೊಟ್ರ ಅದು ಹೊಟ್ಟ್ಯಾಗಿನ ಮರಿಗೂ ಹೋಗತೈತಿ. ಈಯೂ ಹೊತ್ತಿನಾಗ ಬಂದ್ರ ತಾಯಿ ಮರಿ ಎರಡೂ ಕಷ್ಟ. ಹಾಲ ಕುಡಸೂ ಬೆಕ್ಕಿಗೆ ಕ್ಯಾಲ್ಸಿಯಂ ಇಳದು ಆರಾಮ ಇದ್ದದ್ದಕ್ಕೂ ಫಿಟ್ಸ್ ಬರೂದೈತಿ, ಇದಕ್ಕಂತೂ ಹೇಳೂದ ಬ್ಯಾಡ. ಮ್ಯಾಲೆ, ಈ ರೋಗ ಮರಿಗೂ ಬಂದಿದ್ರ? ಬೆದಿ ನಿಲ್ಲಸೂ ಸೂಜಿ ಹಾಕಸ್ರಿ ಅಂತ ಒಬ್ಬರು ಹೇಳಿದ್ರಲ್ಲ, ಅದನ್ನೂ ಕೇಳಿದೆ. ಆ ಸೂಜಿಲೆ ಗರ್ಭಚೀಲದಾಗ ಕೀವು, ಮೊಲಿ ಗಂಟು, ಸಕ್ಕರಿ ಕಾಯಿಲೆ ಬರೂದೈತಿ, ನಾ ಹಾಕಾಂಗಿಲ್ಲ ಅಂದ್ರು. ವರ್ಷದ ಒಳಗ ಆಪರೇಶನ್ ಆದ ಬೆಕ್ಕಿಗೆ ಮೊಲಿ ಕ್ಯಾನ್ಸರ್ ಆಗೂದು ಭಾಳ ಕಡಿಮಿ ಅಂತ ತಾವಾಗೆ ಹೇಳಿದ್ರು. ನಮ್ಮ ಮಣೂಕಿ ಆಗ ವರ್ಷದ ಹೊಸ್ತಿಲ ಮ್ಯಾಲೆ ಇದ್ಲು.

ಆಮ್ಯಾಲೆ ಅರವಳಿಕಿ ಸುದ್ದಿ. ಇದಕ್ಕ ನಮ್ಮನಿಯವ್ರನ್ನೂ ಸಂಗಾಟ ಕರಕೊಂಡ ಹೋಗಿದ್ದೆ, ಅವರ ಕಿವಿಲೆ ಕೇಳಲಿ ಅಂತ. ಎಚ್ಚರ ತಪ್ಪಸೂದ್ರಾಗ ಯಾವ ಬೆಕ್ಕಿಗೂ ಅಪಾಯ ಇದ್ದದ್ದ, ಫಿಟ್ಸ್ ಇದ್ದದ್ದಕ್ಕ ಸ್ವಲ್ಪ ಜಾಸ್ತಿ, ಇಲ್ಲ ಅಂತ ಹೇಳಾಂಗಿಲ್ಲ ಅಂದ್ರು. ಆದ್ರ ಎಚ್ಚರ ತಪ್ಪಿದಾಗಿಗಿಂತ ಎಚ್ಚರ ಆಗೂ ಮುಂದ ಕಾಯೂದು ಹೆಚ್ಚು. ಯಾವ ಔಷಧ ಆರಸ್ತೀವಿ ಅನ್ನೂದರ ಮ್ಯಾಲೂ ಐತಿ. ಫಿಟ್ಸ್ ಇದ್ದದ್ದಕ್ಕ ಸಾಮಾನ್ಯ ಕೊಡೂದ್ರಾಗ ಒಂದೆರಡ ಬಿಟ್ಟು ಬ್ಯಾರೆ ಕೊಡ್ತೀನಿ, ಕೈಗೆ ಸಲಾಯಿನ್ ಸೂಜಿ ಮೊದಲ ಹಾಕಿರ್ತೀನಿ, ಬಂದ್ರ ನಿಲ್ಲಸೂ ಔಷಧ ಸಿರಿಂಜಿನಾಗ ತುಂಬಿ ಪಕ್ಕದಾಗ ಇಟ್ಟಿರ್ತೀನಿ ಅಂದ್ರು. ಗುಳಿಗಿ ಸುರು ಮಾಡಿ ವಾರಗಟ್ಟಲೆ ಆಗಿ, ರಕ್ತದಾಗ ಅದರ ಮಟ್ಟ ನೋಡಿ, ಸರಿ ಇದ್ರ ಮಾತ್ರ ಮಾಡೂದು. ಬೆದಿ ಇದ್ದಾಗ ಮಾಡಾಂಗಿಲ್ಲ, ಆಗ ಚೀಲದ ನರಾ ಉಬ್ಬಿ ರಕ್ತ ಹೆಚ್ಚ ಹೋಗತೈತಿ, ಎರಡ ಬೆದಿ ನಡುವ ದಿನಾ ಹಿಡಿಯೂದು. ಆಪರೇಶನ್ ದಿನ ಹೊಟ್ಟಿ ಖಾಲಿ ಇರಬೇಕು, ಆದ್ರ ಮುಂಜಾನಿ ಗುಳಿಗಿ ಮಾತ್ರ ತಪ್ಪಸಾಂಗಿಲ್ಲ.

ನಮ್ಮನಿಯವ್ರು ಮಾಸ್ತರಿಕಿ ಮಾಡಿ ರಿಟೈರ್ ಆದವ್ರು, ಕಡೀಕ ಅವರದೂ ಒಂದ ಪ್ರಶ್ನಿ: "ಆಪರೇಶನ್ ಆದ್ರ ಫಿಟ್ಸ್ ಪೂರಾ ಹೋಗತಾವೇನ್ರಿ?" "ಇಲ್ಲ" ಅಂದ್ರು ಡಾಕ್ಟರ್ ಬಾಯಾರು, ಒಂದ ಶಬ್ದದಾಗ. ಬೆದಿ ಎಬ್ಬಸೂ ಫಿಟ್ಸ್ ಕಡಿಮಿ ಆಗಬಹುದು, ಮೂಲ ರೋಗ ಇರತೈತಿ, ಗುಳಿಗಿ ನಡಿತೈತಿ. ಆ "ಇಲ್ಲ" ಕೇಳಿ ನನಗ ಅವರ ಮ್ಯಾಲೆ ಭರವಸಾ ಬಂತು. ಹೋಗತಾವ, ಹೋಗತಾವ ಅಂತ ಹೇಳೂವ್ರನ್ನ ನಮ್ಮನಿ ಸಾಕಷ್ಟ ನೋಡೇತಿ.

ಮನಿಗೆ ಬಂದು ಇಬ್ಬರೂ ಚಾ ಕುಡೀಕೋತ ಲೆಕ್ಕಾ ಹಾಕಿದ್ವಿ. ಅಪಾಯ ಒಂದ ಕಡೆ ಐತಿ, ಇನ್ನೊಂದ ಕಡೆ ಸುಖ ಐತಿ ಅಂತಿದ್ರ ಬ್ಯಾಡ ಅನ್ನಬಹುದಿತ್ತು. ಇಲ್ಲಿ ಎರಡೂ ಕಡೆ ಅಪಾಯನ. ಆಪರೇಶನ್‌ದ್ದು ಒಂದ ದಿನದ್ದು, ಡಾಕ್ಟರ್ ಎದುರಿಗೆ, ಔಷಧ ಕೈಯಾಗ ಹಿಡ್ಕೊಂಡ ನಿಂತಾಗಿಂದು. ಬೆದಿದು ಮೂರ ವಾರಕ್ಕೊಮ್ಮಿ, ನಡರಾತ್ರಿ, ನಾವು ಮಕ್ಕೊಂಡಾಗ, ಅಕಿ ಮಾಳಿಗಿ ಕಟ್ಟಿ ಮ್ಯಾಲೆ ಇದ್ದಾಗ. ಸುಮ್ಮ ಇರೂದಂದ್ರ ಏನೂ ಮಾಡದ ಇದ್ದಂಗ ಅಂತ ನಮ್ಮನಿಯವ್ರು ತಿಳಕೊಂಡಿದ್ರು. ಅತ್ತಿಗೂ ಸುಮ್ಮ ಇದ್ರಲ್ಲ ಅಂದೆ. ಅವರು ಮತ್ತ ಮಾತಾಡಲಿಲ್ಲ, "ದಿನಾ ಯಾವಾಗ ಹಿಡೀತಿ?" ಅಂದ್ರು.

ಜನವರಿದಾಗ ಹೊಸ ಕ್ಯಾಲೆಂಡರ್ ಬಂತು. ಹಳೇದನ್ನ ತಗೀಲಿಲ್ಲ, ಅದರ ಹಿಂದನ ತೂಗ ಹಾಕಿದೆ. ಆ ತಿಂಗಳ ಒಂದೂ ಕೆಂಪ ಚುಕ್ಕಿ ಬೀಳಲಿಲ್ಲ. ರಕ್ತದಾಗ ಗುಳಿಗಿ ಮಟ್ಟಾನೂ ಸರಿ ಬಂತು, ಅದನ್ನ ಮನಶ್ಯಾರ ಲ್ಯಾಬಿನಾಗ ಮಾಡಿಸಿದ್ವಿ. ಫೆಬ್ರವರಿದಾಗ ಬೆದಿ ಇಳದ ಆರನೇ ದಿನಾ ಆಪರೇಶನ್ ಆತು. ನಾದಿನಿ ಬರತೀನಿ ಅಂದಿದ್ಲು, ದ್ರಾಕ್ಷಿ ಕೊಯ್ಲು ಸುರು ಆಗಿ ಬರಾಕ ಆಗಲಿಲ್ಲ. ಎರಡ ತಾಸ ಹೊರಗ ಬೆಂಚಿನ ಮ್ಯಾಲೆ ಕುಂತ್ವಿ. ನಮ್ಮನಿಯವ್ರು ಒಂದ ಪೇಪರಿನ ಒಂದ ಹಾಳಿ ಎರಡ ತಾಸ ಓದಿದ್ರು. ಎಚ್ಚರ ಆಗೂ ಮುಂದ ಮೋತಿ ಒಂದೆರಡ ಸಲ ಅದುರಿತಂತ, ಪೂರಾ ಫಿಟ್ಸ್ ಬರಲಿಲ್ಲ. ಆವತ್ತ ರಾತ್ರಿ ಒಂಬತ್ತರ ತನಕ ಅಲ್ಲೇ ಇಟ್ಕೊಂಡು ನೋಡಿ ಕಳಿಸಿದ್ರು.

ಮಾಡಸೂವ್ರಿಗೆ ಎರಡ ಮಾತ. ಹೊಲಗಿ ನೆಕ್ಕಬಾರದಂತ ಕೊಳ್ಳಿಗೆ ಬುಟ್ಟಿ ಹಾಕ್ತಾರ, ಮಣೂಕಿ ಅದನ್ನ ಗ್ವಾಡಿಗೆ ಬಡಬಡದ ಹೊಯ್ಕೊಂಡ್ಲು. ನಾ ನಮ್ಮನಿಯವ್ರ ಹಳೇ ಬನಿಯನ್ ಕತ್ತರಿಸಿ, ನಾಕ ಕಾಲಿಗೆ ನಾಕ ತೂತ ಮಾಡಿ ಝಬಲಾ ಹೊಲದ ಹಾಕಿದೆ, ಬೆನ್ನ ಮ್ಯಾಲೆ ಲಾಡಿ. ಡಾಕ್ಟರ್ ಬಾಯಾರು ನೋಡಿ ನಕ್ಕು ಇದ ಇರಲಿ ಅಂದ್ರು. ಇನ್ನೊಂದು, ನೋವಿಗೆ ಅವರು ಕೊಟ್ಟದ್ದ ಕೊಡಬೇಕು. ಮನ್ಯಾಗಿನ ಕ್ರೋಸಿನ್, ಡೋಲೋ ಅಂತ ಪ್ಯಾರಾಸಿಟಮಾಲ್ ಗುಳಿಗಿ ಚೂರೂ ಹಾಕಬ್ಯಾಡ್ರಿ. ಬೆಕ್ಕಿಗೆ ಅದು ವಿಷ, ಒಂದ ಗುಳಿಗಿಲೆ ಸಾಯ್ತೈತಿ. ಹೊಲಗಿ ಹನ್ನೆರಡನೇ ದಿನಾ ಬಿಚ್ಚಿದ್ರು.

ಆಮ್ಯಾಲೆ ಮಾರ್ಚದಾಗ ಒಂದ ಕೆಂಪ ಚುಕ್ಕಿ ಬಿದ್ದೈತಿ, ಅರ್ಧ ನಿಮಿಷದ್ದು. ಪೆನ್ಸಿಲ್ ಗುಂಡ ಹಾಕೂ ಕೆಲಸ ಮುಗೀತು. ಗುಳಿಗಿ ಹನ್ನೆರಡ ತಾಸಿಗೊಮ್ಮಿ ನಡದೈತಿ, ಬೆಣ್ಣಿಯೊಳಗ ಸುತ್ತಿ ಕೊಟ್ರ ನುಂಗತಾಳ, ಬೆಣ್ಣಿ ಒಂದ ನೆಕ್ಕಿ ಗುಳಿಗಿ ಉಗಳೂ ದಿನಾನೂ ಇರ್ತಾವ. ಹಸಿವಿ ವಿಪರೀತ ಆಗೇತಿ, ಗುಳಿಗಿಗೂ ಹಸಿವಿ ಹೆಚ್ಚು, ಆಪರೇಶನ್ನಿಗೂ ಹೆಚ್ಚು, ಅಳತಿಲೆ ಹಾಕ್ರಿ ಅಂದಾರ. ನಮ್ಮನಿಯವ್ರಿಗೆ ಅಳತಿ ಅನ್ನೂದು ಗೊತ್ತಿಲ್ಲ, ನನ್ನ ಕಣ್ಣ ತಪ್ಪಿಸಿ ಹಾಲಿನ ಕೆನಿ ಹಾಕ್ತಾರ. ಹಳೇ ಊರಿಗೆ ಗಲಾಟಿ ಇಲ್ದ ರಾತ್ರಿ ಬಂದಾವ. ಕಿವಿ ಹರಕ ಈಗ ನಿಮ್ಮ ಕಡೆ ಮಾಳಿಗಿಗೆ ಬಂದಾನಂತ ಹಿಂದಿನ ಮನಿ ಅಕ್ಕಾರು ಹೇಳಿದ್ರು.

ನಾದಿನಿ ಹೋದ ವಾರ ಫೋನ್ ಮಾಡಿದ್ಲು. ಶೆಡ್ಡಿನಾಗ ಮಣೂಕಿ ಅವ್ವ ಮತ್ತ ನಾಕ ಹಾಕ್ಯಾಳ. ಅದರಾಗ ಒಂದ ಮರಿ ಸುಮ್ಮಸುಮ್ಮನ ಬಿದ್ದ ಒದ್ದಾಡತೈತಿ ಅಂತ ಸಣ್ಣ ಧ್ವನಿಲೆ ಹೇಳಿದ್ಲು. ವಿಡಿಯೋ ಮಾಡಿ ಕಳಸು ಅಂದೀನಿ. ಮಣೂಕ ಎಲ್ಲಾ ಮಾರಿ ಶೆಡ್ಡು ಖಾಲಿ ಆದ ಮ್ಯಾಲೆ, ಮರಿ ಹಾಲ ಬಿಟ್ಟ ಮ್ಯಾಲೆ, ತಾಯಿನ್ನ ತಗೊಂಡ ಬಾ, ಡಾಕ್ಟರ್ ಬಾಯಾರ ಕಡೆ ಮಾತಾಡಿ ಇಟ್ಟೀನಿ ಅಂತನೂ ಅಂದೀನಿ. ಹೂಂ ಅಂದಾಳ. ನಮ್ಮ ಪಿಂಜರದ ಕೊಂಡಿ ಮುರದೈತಿ. ಯಾರ ಮನ್ಯಾಗರ ಬೆಕ್ಕ ಒಯ್ಯೂ ಮುಚ್ಚಳದ ಬುಟ್ಟಿ ಇದ್ರ ಮೇ ತಿಂಗಳದಾಗ ಎರಡ ದಿನದ ಸಲುವಾಗಿ ಕೊಡ್ರಿ, ತೊಳದ ಕಳಸ್ತೀನಿ.